ಹತ್ತೊಂಬತ್ತಕ್ಕೆ ನಿಂತ ಕಲ್ಲು

ಈ ಕಥೆಯನ್ನು ಮೊದಲು ಹೇಳಿದವಳು ಒಬ್ಬ ಮಗಳು. ಹೇಳಿದ್ದು ತನ್ನ ತಾಯಿಯನ್ನು ಮಣ್ಣುಮಾಡಿ ಬಂದ ದಿನ ಸಂಜೆ, ಗೋರಿಕಲ್ಲು ಕೆತ್ತುವವನ ಅಂಗಳದಲ್ಲಿ. ಕೇಳಿದವರು ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಏಳು ಜನ ಹುಡುಗರು. ಹುಡುಗರು ಅಂದರೆ ಮೂವತ್ತು ದಾಟಿದವರೂ ಇದ್ದರು. ಕಲ್ಲು ಕೆತ್ತುವವನಿಗೆ ಎಲ್ಲರೂ ಹುಡುಗರೇ. ಕುರ್ಚಿ ಸಾಲದೆ ಅರ್ಧ ಜನ ಇನ್ನೂ ಹೆಸರು ಬೀಳದ ಕಲ್ಲುಗಳ ಮೇಲೆ ಕೂತಿದ್ದರು.

ಕಲ್ಲು ಕೆತ್ತುವವನು ಬರೆದ ಪತ್ರಗಳು ಮಗಳ ಕೈಚೀಲದಲ್ಲಿದ್ದವು. ತಾಯಿ ಬರೆದವು ಅವನ ಉಳಿಗಳ ಡಬ್ಬಿಯಲ್ಲಿದ್ದವು. ಎರಡನ್ನೂ ಸೇರಿಸಿ, ತಾರೀಖು ನೋಡಿ ಜೋಡಿಸಿ, ಅವಳು ಓದುತ್ತಾ ಹೋದಳು. ಕಥೆಗೆ ಕಾಲಿಲ್ಲ ಅನ್ನುತ್ತಾರೆ. ಇದಕ್ಕೆ ಅಂಚೆಯವನ ಕಾಲಿತ್ತು.

*

ಮಾರ್ಚ್ 9, 2018

ಗೋರಿಕಲ್ಲು ಕೆತ್ತುವವರಿಗೆ,

ನಿಮಗೂ ನನಗೂ ಪರಿಚಯವಿಲ್ಲ. ವಿಳಾಸ ಕೊಟ್ಟವನು ಸ್ಮಶಾನದ ಕಾವಲುಗಾರ. ಹೋದ ಭಾನುವಾರ ಮಗಳ ಜೊತೆ ನಿಮ್ಮೂರಿಗೆ ಬಂದಿದ್ದೆ. ಹಿಂದಿನ ಗೋಡೆಗೆ ಒತ್ತಿಕೊಂಡಿರುವ ಸಾಲಿನ ಕೊನೆಯ ಕಡೆಗೆ ನನ್ನ ಮಗನ ಗೋರಿ ಇದೆ. ಅವನು ಹೋಗಿ ಇಪ್ಪತ್ತನಾಲ್ಕು ವರ್ಷವಾಯಿತು. ನಾನು ಬಂದದ್ದು ಇದೇ ಮೊದಲು.

ಸೊಂಟದೆತ್ತರ ಕಳೆ ಬೆಳೆದಿರುತ್ತದೆ, ಕತ್ತಿ ತರಬೇಕಿತ್ತು ಎಂದು ದಾರಿಯುದ್ದಕ್ಕೂ ಮಗಳ ಹತ್ತಿರ ಹೇಳುತ್ತಾ ಬಂದೆ. ನೋಡಿದರೆ ಒಂದು ಹುಲ್ಲುಕಡ್ಡಿ ಇಲ್ಲ. ಕಲ್ಲಿನ ಮೇಲಿನ ಅಕ್ಷರ ಅವನ ಕೈಬರಹದ ಹಾಗೇ ಇದೆ, ಬಾಲ ಸ್ವಲ್ಪ ಉದ್ದ. ಯಾರು ಮಾಡಿಸಿದರೋ ಗೊತ್ತಿಲ್ಲ.

ಬರೆಯುತ್ತಿರುವ ಕಾರಣ ಬೇರೆ. ಅವನ ಬಲಗಡೆ ಇನ್ನೊಂದು ಕಲ್ಲಿದೆ, ಅದರಾಚೆ ಪಕ್ಕದ ಗೋಡೆ. ಆ ಕಲ್ಲಿನಲ್ಲಿ ಒಂದು ಹೆಸರು, 1961 ಎಂದು ಹುಟ್ಟಿದ ಇಸವಿ, ಒಂದು ಅಡ್ಡಗೆರೆ, ಆಮೇಲೆ ಬರೀ 19. ಅಲ್ಲಿಗೇ ನಿಂತಿದೆ. ಕೆತ್ತಿದವರು ನೀವೇ ಆದರೆ, ಕೆಲಸ ಅರ್ಧಕ್ಕೆ ಬಿಟ್ಟದ್ದು ಸರಿಯಲ್ಲ. ಕಾವಲುಗಾರನನ್ನು ಕೇಳಿದೆ. ‘ಅದರ ಕೆಳಗೆ ಯಾರೂ ಇಲ್ಲಮ್ಮ. ಬಸ್ಸಲ್ಲಿ ಕರ್ಚೀಫ್ ಹಾಕಿ ಸೀಟು ಹಿಡಿಯಲ್ವಾ, ಹಾಗೆ’ ಅಂದ.

ನನಗೆ ಎಂಬತ್ತಮೂರು. ಹೃದಯ ಯಾವಾಗ ಬೇಕಾದರೂ ಕೈ ಕೊಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಆ ಜಾಗ ನನಗೆ ಬೇಕು. ಯಜಮಾನರ ಪಕ್ಕ ನನಗೊಂದು ಜಾಗ ಇದ್ದೇ ಇದೆ. ಅವರ ಪಕ್ಕ ಐವತ್ತು ವರ್ಷ ಮಲಗಿದ್ದಾಯಿತು, ಸಾಕು. ಆ ಜಾಗದವರು ಯಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಇತಿ,
ಲೆಕ್ಕದ ಮೇಷ್ಟ್ರ ತಾಯಿ

*

ಮಾರ್ಚ್ 20

ಅಮ್ಮನವರಿಗೆ,

ಪತ್ರ ತಲುಪಿತು. ಗೋರಿ ಚೊಕ್ಕಟವಾಗಿದೆ ಎಂದು ಬರೆದಿದ್ದೀರಿ, ಸಂತೋಷ.

ಆ ಜಾಗದವನು ಬದುಕಿದ್ದಾನೆ. ಅವನನ್ನು ನಾನು ಚೆನ್ನಾಗಿ ಬಲ್ಲೆ. ಅವನು ಅದನ್ನು ಯಾರಿಗೂ ಕೊಡುವವನಲ್ಲ. ಇಸವಿ ಅಲ್ಲಿಗೆ ನಿಂತದ್ದು ಕೆತ್ತಿದವನ ಸೋಮಾರಿತನದಿಂದಲ್ಲ. ಲೆಕ್ಕ ತಪ್ಪಿತು, ಅಷ್ಟೆ.

ಗೇಟಿನ ಬಲಗಡೆ ಹೊಸ ಸಾಲು ತೆಗೆದಿದ್ದಾರೆ. ದೊಡ್ಡ ಮರವಿದೆ, ನೆರಳಿದೆ. ಬೇಕಾದರೆ ವಿಚಾರಿಸಿ ಹೇಳುತ್ತೇನೆ.

ಇತಿ,
ಕಲ್ಲು ಕೆತ್ತುವವನು

*

ಏಪ್ರಿಲ್ 2

ಕಲ್ಲು ಕೆತ್ತುವವರಿಗೆ,

ಮಣ್ಣಿನ ಕೆಳಗಿರುವವರಿಗೆ ಬಿಸಿಲೇನು, ನೆರಳೇನು? ನನಗೆ ಮರ ಬೇಡ.

ಆ ಸಾಲಿನ ಕಲ್ಲುಗಳನ್ನೆಲ್ಲ ಮಗಳು ಒಂದೊಂದಾಗಿ ಓದಿದಳು. ಎಲ್ಲ ಗಂಡುಮಕ್ಕಳು. ಇಪ್ಪತ್ತೇಳು, ಮೂವತ್ತೊಂದು, ಮೂವತ್ತಾರು, ಹೀಗೆ ವಯಸ್ಸು. ‘ಏನಮ್ಮಾ ಇದು, ಇಲ್ಲೇನು ಯುದ್ಧ ಆಗಿತ್ತಾ?’ ಅಂದಳು. ಅವಳ ಅಣ್ಣ ಕಾಮಾಲೆಯಿಂದ ಹೋದ ಎಂದೇ ಅವಳು ತಿಳಿದಿದ್ದಾಳೆ. ನಾವು ಹಾಗೆ ಹೇಳಿದ್ದೆವು.

ಆ ಮನುಷ್ಯ ನನ್ನ ಮಗನಿಗೆ ಏನಾಗಬೇಕು? ಬದುಕಿರುವವರಿಗೆ ಎಲ್ಲಿ ಬೇಕಾದರೂ ಜಾಗ ಸಿಗುತ್ತದೆ. ಹೆತ್ತವಳು ಕೇಳುತ್ತಿದ್ದಾಳೆ ಎಂದು ಇನ್ನೊಂದು ಸಲ ಅವರ ಕಿವಿಗೆ ಹಾಕಿ ನೋಡಿ.

ಇತಿ,
ಮೇಷ್ಟ್ರ ತಾಯಿ

*

ಏಪ್ರಿಲ್ 15

ಅಮ್ಮನವರಿಗೆ,

ಕೇಳಿದೆ. ಕೊಡುವುದಿಲ್ಲ ಎನ್ನುತ್ತಾನೆ. ಆ ಜಾಗದವನು ನಾನೇ.

ಪರಿಚಯವಿಲ್ಲ ಎಂದು ಬರೆದಿದ್ದಿರಿ. ಒಂದು ಸಲ ಮಾತಾಡಿದ್ದೇವೆ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಫೋನಿನಿಂದ ನಾನು ಕರೆ ಮಾಡಿದ್ದೆ. ‘ನಿಮ್ಮ ಮಗನಿಗೆ ಇನ್ನು ಹೆಚ್ಚು ಹೊತ್ತಿಲ್ಲ’ ಎಂದೆ. ‘ನಾಡಿದ್ದು ಮಗಳ ಮದುವೆ. ಇಲ್ಲಿಗೆ ತರಬೇಡಿ, ಯಾರಿಗೂ ಗೊತ್ತಾಗೋದು ಬೇಡ. ಅಲ್ಲೇ ನೀವೇ ಏನಾದ್ರೂ ಮಾಡಿ’ ಎಂದಿರಿ. ಮರ್ಯಾದೆಯಿಂದಲೇ ಮಾತಾಡಿದಿರಿ. ನಾವೇ ಏನಾದರೂ ಮಾಡಿದೆವು.

ನಾನೂ ನಿಮ್ಮ ಮಗನೂ ಆರು ವರ್ಷ ಒಂದೇ ಮನೆಯಲ್ಲಿದ್ದೆವು. ಗಂಡ ಹೆಂಡತಿ ಹೇಗಿರುತ್ತಾರೋ ಹಾಗಿದ್ದೆವು, ಜಗಳದಲ್ಲೂ. ನಮ್ಮ ಗುಂಪಿನವರು ಅವನನ್ನು ಮೇಷ್ಟ್ರು ಎನ್ನುತ್ತಿದ್ದರು, ನನ್ನನ್ನು ಉಳಿ. ಆ ಸಾಲಿನಲ್ಲಿರುವವರೆಲ್ಲ ಆ ಗುಂಪಿನವರೇ, ಗಂಡಸರಾಗಿ ಗಂಡಸರನ್ನೇ ಮೆಚ್ಚಿದವರು. ಭಾನುವಾರ ಸಿನಿಮಾಕ್ಕೆ ಹೋದರೆ ಹಿಂದಿನ ಸಾಲು ಪೂರ್ತಿ ನಮ್ಮದು. ಯಾರ ಪಕ್ಕ ಯಾರು ಎನ್ನುವುದು ಬದಲಾಗುತ್ತಿರಲಿಲ್ಲ. ಏಡ್ಸ್ ಬಂದ ಮೇಲೆ ಆ ಸಾಲು ಅಲ್ಲಿಂದ ಎದ್ದು ಇಲ್ಲಿಗೆ ಬಂತು. ‘ನಮ್ಮವರ ಗೋರಿಗಳ ನಡುವೆ ಇಂಥವರು ಬೇಡ’ ಎಂದು ಜನ ಗಲಾಟೆ ಮಾಡಿದ್ದರಿಂದ ಗೋಡೆಯ ಬದಿ ಕೊಟ್ಟರು. ಒಳ್ಳೆಯದೇ ಆಯಿತು, ಒಟ್ಟಿಗಿದ್ದಾರೆ. ಸಿನಿಮಾದಲ್ಲಿ ಕೂರುತ್ತಿದ್ದ ಕ್ರಮದಲ್ಲೇ ಮಲಗುವುದು ಎಂದು ಮಾತಾಗಿತ್ತು. ಹಾಗೇ ಮಲಗಿಸಿದೆವು. ಎಲ್ಲರ ಕಲ್ಲೂ ನಾನೇ ಕೆತ್ತಿದೆ. ನಿಮ್ಮ ಮಗನದನ್ನು ಅವನ ಕೈಬರಹ ನೋಡಿ ಕೆತ್ತಿದೆ.

ಅವನು ಹೋಗುವ ಹೊತ್ತಿಗೆ ನನಗೂ ಅದೇ ಎಂದು ಡಾಕ್ಟರು ಹೇಳಿಯಾಗಿತ್ತು. ಸುತ್ತಿಗೆ ಎತ್ತುವ ಶಕ್ತಿ ಇರುವಾಗಲೇ ನನ್ನ ಕಲ್ಲನ್ನು ನಾನೇ ಮುಗಿಸೋಣ, ಬೇರೆಯವರಾದರೆ ಅಕ್ಷರ ಸೊಟ್ಟ ಮಾಡುತ್ತಾರೆ ಎಂದುಕೊಂಡೆ. 19ರ ತನಕ ಕೆತ್ತಿ, ಉಳಿದೆರಡು ಅಂಕಿಗೆ ಜಾಗ ಬಿಟ್ಟೆ. ಗುಂಪಿನಲ್ಲಿ ಒಬ್ಬ ಉದ್ದ ಕಾಲಿನವನಿದ್ದ, ಕೊಕ್ಕರೆ ಎನ್ನುತ್ತಿದ್ದೆವು. ‘ಇನ್ನೊಂದು ಒಂಬತ್ತನ್ನೂ ಹೊಡೆದುಬಿಡೋ ಉಳಿ, ಹೇಗೂ ತೊಂಬತ್ತರ ಈಚೆಗೆ ಬದುಕಿದ್ದೀಯ, ಎರಡು ಸಾವಿರಕ್ಕೆ ಹೋಗೋನಲ್ಲ’ ಎಂದ. ಎಲ್ಲರೂ ಬಿದ್ದುಬಿದ್ದು ನಕ್ಕೆವು. ಕೊಕ್ಕರೆ ಈಗ ನಿಮ್ಮ ಮಗನ ಎಡಗಡೆ ಇದ್ದಾನೆ.

ಆಮೇಲೆ ಮದ್ದು ಬಂತು. ನಿಮ್ಮ ಮಗನಿಗೆ ತಡವಾಯಿತು, ನನಗೆ ಹೊತ್ತಿಗೆ ಸರಿಯಾಗಿ ಬಂತು. ಸಾಯುವುದಕ್ಕೆ ಎಲ್ಲ ತಯಾರಿ ಮಾಡಿಕೊಂಡಿದ್ದೆ. ಬದುಕುವುದಕ್ಕೆ ಏನೂ ಮಾಡಿಕೊಂಡಿರಲಿಲ್ಲ. ಚಳಿಯ ಕೋಟನ್ನು ಯಾರಿಗೋ ಕೊಟ್ಟುಬಿಟ್ಟಿದ್ದೆ. ಹಲ್ಲು ನೋಯುತ್ತಿತ್ತು, ಇನ್ನೆಷ್ಟು ದಿನದ ಭಾಗ್ಯ ಎಂದು ಡಾಕ್ಟರಿಗೆ ತೋರಿಸಲಿಲ್ಲ. ಆ ಅಭ್ಯಾಸ ಹಾಗೇ ಉಳಿಯಿತು. ಇವತ್ತಿಗೂ ಬರುವ ವರ್ಷಕ್ಕೆ ಎಂದು ಏನನ್ನೂ ಕೊಳ್ಳುವುದಿಲ್ಲ. ದವಡೆಯಲ್ಲಿ ಈಗ ಹಲ್ಲಿಗಿಂತ ಸಂದಿಯೇ ಹೆಚ್ಚು. ನಮ್ಮವರಲ್ಲಿ ಮುದುಕರು ಕಡಿಮೆ ಅಮ್ಮಾ. ಮುದುಕನಾಗುವುದು ಹೇಗೆ ಎಂದು ನೋಡಿ ಕಲಿಯೋಣವೆಂದರೆ ನನ್ನ ಮುಂದೆ ಯಾರೂ ನಡೆದಿಲ್ಲ.

ನನ್ನದು ಎಂದು ಇರುವುದು ಆ ಜಾಗ ಒಂದೇ. ಕೊಡಲಾರೆ.

ಇತಿ,
ಉಳಿ

*

ಆಗಸ್ಟ್ 19

ಉಳಿಯವರಿಗೆ,

ತಡವಾಯಿತು.

ಫೋನಿನ ವಿಷಯ ಓದಿದೆ. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಬರೆದರೆ ಬರೆದ ಹಾಗಾಗುತ್ತದೆ, ಅಷ್ಟೆ.

ಪತ್ರವನ್ನು ಮಗಳ ಕೈಗೆ ಕೊಟ್ಟೆ. ಅವಳು ಓದಿ ಮಡಿಸಿಟ್ಟು ಕೆಲಸಕ್ಕೆ ಹೋದಳು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಐದನೆಯ ದಿನ ನನಗೆ ಔಷಧಿ ಕೊಡುತ್ತಾ, ‘ಹಾಗಾದ್ರೆ ಅಣ್ಣ ಹೋದದ್ದು ನನ್ನ ಮದುವೆ ದಿನಾನೇ?’ ಅಂದಳು. ಹೌದು ಅಂದೆ. ‘ಇಪ್ಪತ್ನಾಲ್ಕು ವರ್ಷ ಆ ದಿನ ನನಗೆ ಸೀರೆ ಕೊಡಿಸ್ತಾ ಬಂದಿದ್ದೀಯಲ್ಲಮ್ಮ’ ಅಂದಳು. ಈಗ ಮಾತಾಡುತ್ತಾಳೆ. ಮೊದಲಿಗಿಂತ ಕಡಿಮೆ.

ಇಷ್ಟಾದ ಮೇಲೆ ನಿಮ್ಮ ಹತ್ತಿರ ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತೇನೆ. ಮುಖ ಇಟ್ಟುಕೊಂಡು ಏನು ಮಾಡಲಿ, ಅದಕ್ಕೂ ಎಂಬತ್ತಮೂರು. ಆ ಜಾಗ ಕೊಡಿ. ಇನ್ನೊಂದು ವಿಷಯ: ಅವನು ಕೊನೆಗೆ ನನ್ನನ್ನು ಕೇಳಿದನೇ?

ಇತಿ,
ಮೇಷ್ಟ್ರ ತಾಯಿ

*

ಸೆಪ್ಟೆಂಬರ್ 11

ಅಮ್ಮನವರಿಗೆ,

ನಿಮ್ಮ ಪತ್ರ ಬಂದ ದಿನ ಸಿಟ್ಟಿನಲ್ಲಿ ಒಂದು ಒಳ್ಳೆಯ ಕಲ್ಲಿನ ಮೂಲೆ ಹಾರಿಸಿಬಿಟ್ಟೆ. ಗಿರಾಕಿಗೆ ಏನೋ ಸುಳ್ಳು ಹೇಳಿದೆ.

ಭಾನುವಾರ ಕಳೆ ಕೀಳಲು ಹೋಗುವಾಗ ಪತ್ರ ಜೇಬಿನಲ್ಲಿತ್ತು. ಸಾಲಿನವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಯಾರು ಏನೆನ್ನುತ್ತಾರೆ ಎಂದು ನನಗೆ ಬಾಯಿಪಾಠ. ‘ಇಷ್ಟು ವರ್ಷ ಆದ್ಮೇಲೆ ದಾರಿ ಗೊತ್ತಾಯ್ತಂತಾ ಮಹಾತಾಯಿಗೆ?’ ಎನ್ನುತ್ತಾನೆ ಕೊಕ್ಕರೆ. ಅವನ ನಾಲಗೆಯೇ ಹಾಗೆ. ಸಾಲಿನ ಇನ್ನೊಂದು ತುದಿಯಲ್ಲಿ ಒಬ್ಬ ಇದ್ದಾನೆ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುತ್ತಿದ್ದ, ನಮ್ಮನ್ನೆಲ್ಲ ನೋಡಿಕೊಂಡು ತಾನೂ ಹೋದ. ಅವನು, ‘ಬಾಯಿ ಮುಚ್ಚೋ. ನಿಮ್ಮಮ್ಮ ಬಂದ್ಲಾ?’ ಎನ್ನುತ್ತಾನೆ.

ಆ ಸಾಲಿನಲ್ಲಿ ಬೇರೆ ಯಾರ ತಾಯಿಯೂ ಬಂದಿಲ್ಲ. ಬಂದು, ನನಗೂ ಇಲ್ಲೇ ಜಾಗ ಕೊಡಿ ಎಂದವರಂತೂ ಇಲ್ಲವೇ ಇಲ್ಲ. ಮೇಷ್ಟ್ರು ಏನೂ ಹೇಳಲಿಲ್ಲ. ಅವನು ಯಾವತ್ತೂ ಎಲ್ಲರದ್ದೂ ಮುಗಿದ ಮೇಲೆ ಬಾಯಿ ಬಿಡುವವನು.

ಕಾವಲುಗಾರನನ್ನು ಕರೆದು ಕೇಳಿದೆ. ಗುಂಡಿ ತೋಡುವವನೂ ಅವನೇ. ‘ಆ ಮೂಲೇಲಿ ಬಂಡೆ ಇಲ್ಲ, ಮಣ್ಣು ಮೆತ್ತಗಿದೆ. ಆಳಕ್ಕೆ ತೋಡಿದ್ರೆ ಇಬ್ಬರು ಆರಾಮಾಗಿ ಹಿಡೀತಾರೆ. ಮುಂಚೆ ಹೋದವರು ಕೆಳಗೆ, ಆಮೇಲೆ ಬಂದವರು ಮೇಲೆ. ಮಹಡಿ ಮನೆ ಅಂದ್ಕೊಳ್ಳಿ’ ಎಂದ.

ಜಾಗ ಬಿಟ್ಟುಕೊಡುವುದಿಲ್ಲ. ಆದರೆ ಸ್ವಲ್ಪ ಸರಿದು ಕೂರಬಲ್ಲೆ.

ಅವನು ನಿಮ್ಮನ್ನು ಕೇಳಿದನೇ ಎನ್ನುವುದಕ್ಕೆ ಕಾಗದದಲ್ಲಿ ಉತ್ತರ ಬರೆಯುವುದಿಲ್ಲ. ಬಂದರೆ ಹೇಳುತ್ತೇನೆ.

ಇತಿ,
ಉಳಿ

*

ಸೆಪ್ಟೆಂಬರ್ 27

ಉಳಿಗೆ,

ಇನ್ನು ಮೇಲೆ ‘ನೀನು’ ಎನ್ನುತ್ತೇನೆ. ಒಂದೇ ಮನೆಯಲ್ಲಿ ಇರಬೇಕಾದವರು ಎಷ್ಟು ದಿನ ನೀವು ತಾವು ಎನ್ನುವುದು.

ಒಪ್ಪಿದೆ. ಹಿರಿಯಳು ನಾನು, ಕೆಳಗೆ ನಾನು. ನೀನು ಅವಸರ ಮಾಡಿ ಮುಂಚೆ ಬಂದು ಕ್ರಮ ಕೆಡಿಸಬೇಡ. ನೀನು ಗೊರಕೆ ಹೊಡೆಯುತ್ತೀಯಂತೆ. ‘ನನ್ನ ಕೋಣೆಯಲ್ಲಿ ಇನ್ನೊಬ್ಬ ಇರುತ್ತಾನೆ, ರಾತ್ರಿಯೂ ಕಲ್ಲು ಒಡೆಯುತ್ತಾನೆ’ ಎಂದು ಅವನು ಒಂದು ಸಲ ಬರೆದಿದ್ದ. ಆಗ ನನಗೆ ಅರ್ಥವಾಗಿರಲಿಲ್ಲ. ಅರ್ಥವಾಗಬಾರದು ಎಂದೇ ಓದಿದ್ದೆನೋ ಏನೋ.

ಮಹಡಿಯ ಮೇಲೆ ಬರುವವನಿಗೆ ನನ್ನದು ಎರಡು ಮಾತು. ಹಲ್ಲು ಕಟ್ಟಿಸಿಕೊ. ಐವತ್ತೇಳು ಏನು ವಯಸ್ಸು? ನನ್ನ ಬಾಯಲ್ಲಿ ನಿನಗಿಂತ ಹೆಚ್ಚು ಹಲ್ಲಿವೆ. ಮುದುಕರಾಗುವುದು ಹೇಗೆಂದು ನೋಡಲು ಯಾರೂ ಇಲ್ಲ ಎಂದು ನೀನು ಬರೆದಿದ್ದೆ. ನನ್ನನ್ನು ನೋಡು. ಚೆನ್ನಾಗಿ ಅಗಿಯಬೇಕು, ಮಧ್ಯಾಹ್ನ ಮಲಗಬೇಕು, ಕೇಳದಿದ್ದರೂ ಬುದ್ಧಿ ಹೇಳಬೇಕು. ಇಷ್ಟೇ.

ಎರಡನೆಯದು, ಆ ಹತ್ತೊಂಬತ್ತನ್ನು ತೆಗೆ. ನನ್ನ ಹೆಸರೂ ಬೀಳುವ ಕಲ್ಲಿನಲ್ಲಿ ತಪ್ಪು ಲೆಕ್ಕ ಇರುವುದು ಬೇಡ. ಲೆಕ್ಕದ ಮೇಷ್ಟ್ರನ್ನು ಹೆತ್ತವಳು ನಾನು.

ಇತಿ,
ಕೆಳಮನೆಯವಳು

*

ಅಕ್ಟೋಬರ್ 14

ಅಮ್ಮಾ,

ಹಲ್ಲಿನ ವಿಷಯ ನೋಡೋಣ.

ಹತ್ತೊಂಬತ್ತು ಕಷ್ಟ. ಕಲ್ಲಿನಲ್ಲಿ ಬಿದ್ದದ್ದನ್ನು ಅಳಿಸಲು ಬರುವುದಿಲ್ಲ. ಅಕ್ಷರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಕಲ್ಲಿನ ಇಡೀ ಮುಖವನ್ನೇ ಉಜ್ಜಿ ಇಳಿಸಬೇಕು. ಹೆಸರೂ ಹೋಗುತ್ತದೆ, ಎಲ್ಲ ಹೊಸದಾಗಿ ಕೆತ್ತಬೇಕು. ಅದನ್ನು ಮಾಡಬಲ್ಲೆ, ಬೇರೆಯವರಿಗೆ ಮಾಡಿಕೊಟ್ಟಿದ್ದೇನೆ. ನನ್ನದಕ್ಕೆ ಕೈ ಏಳುವುದಿಲ್ಲ.

ಆ ಹತ್ತೊಂಬತ್ತು ಇರುವ ತನಕ ನಾನು ಆ ಸಾಲಿನವನು, ಹೊರಡಲು ಸ್ವಲ್ಪ ತಡ ಮಾಡಿದವನು. ಅದನ್ನು ತೆಗೆದರೆ ಅವರನ್ನೆಲ್ಲ ನಿಲ್ದಾಣದಲ್ಲಿ ಬಿಟ್ಟು ನಾನೊಬ್ಬನೇ ಬೇರೆ ಬಸ್ಸು ಹತ್ತಿದ ಹಾಗೆ. ಈಗ ನನ್ನ ಹತ್ತಿರ ಬರುವ ನಮ್ಮಂಥ ಹುಡುಗರಲ್ಲಿ ಕೆಲವರು ಅದೇ ಕಾಯಿಲೆಗೆ ದಿನಕ್ಕೊಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ, ಮನೆ ಕೊಳ್ಳುವ ಮಾತಾಡುತ್ತಾರೆ. ಕೇಳಿ ಖುಷಿಯಾಗುತ್ತದೆ. ಅವರ ಜೊತೆ ಕೂತಾಗ ನಾನು ಯಾವ ಕಾಲದವನು ಎಂದು ಗೊತ್ತಾಗಲು ನನಗೊಂದು ಅಂಕಿ ಬೇಕು.

ಚಳಿ ಹೆಚ್ಚಾಗುವ ಮುಂಚೆ ಬಂದು ಹೋಗಿ.

ಇತಿ,
ಉಳಿ

*

ಡಿಸೆಂಬರ್ 3

ಅಣ್ಣನ ಮನೆಯವರಿಗೆ,

ಸುಖವಾಗಿ ಊರು ಸೇರಿದೆವು. ಅಮ್ಮನಿಗೆ ಪೆನ್ನು ಹಿಡಿಯಲು ಆಗುತ್ತಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನೀವಿಬ್ಬರೂ ಸ್ಮಶಾನದ ಬೆಂಚಿನ ಮೇಲೆ ಕೂತಿದ್ದನ್ನು ನಾನು ಗೇಟಿನಿಂದ ನೋಡುತ್ತಿದ್ದೆ. ನೀವು ಮಾತಾಡುತ್ತಿದ್ದಿರಿ, ಅಮ್ಮ ಗೋಡೆ ನೋಡುತ್ತಿದ್ದಳು. ಏನು ಮಾತು ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ತುಂಬಾ ಹೊತ್ತಿನ ಮೇಲೆ ‘ಕೇಳಿದ್ನಂತೆ’ ಅಂದಳು. ಅರ್ಧ ದಾರಿ ಆದ ಮೇಲೆ, ಟಿಕೆಟ್ಟನ್ನು ಬೆರಳಿಗೆ ಸುತ್ತುತ್ತಾ, ‘ಮದುವೆ ಚೆನ್ನಾಗಿ ಆಯ್ತಂತಾ ಅಂತ’ ಅಂದಳು.

ನನ್ನ ಮದುವೆ ಚೆನ್ನಾಗಿಯೇ ಆಗಿತ್ತು. ನಿಮಗೆ ತಿಳಿಸಬೇಕು ಅನ್ನಿಸಿತು. ಇನ್ನು ಯಾರಿಗೆ ತಿಳಿಸಲಿ.

ಅಮ್ಮ ಹಾಸಿಗೆಯಿಂದ ಹೇಳಿ ಬರೆಸುತ್ತಿದ್ದಾಳೆ: ‘ಹತ್ತೊಂಬತ್ತು ಹಾಗೇ ಇದೆ, ನೋಡಿದೆ. ಹಲ್ಲೂ ಹಾಗೇ ಇದೆ, ಅದನ್ನೂ ನೋಡಿದೆ. ಬೇರೆ ಬಸ್ಸು ಹತ್ತಿದರೇನಂತೆ, ಊರು ಒಂದೇ ಅಲ್ಲವಾ ಎಂದು ಬರಿ.’

ಇತಿ,
ನಿಮ್ಮ ನಾದಿನಿ

*

ಇಲ್ಲಿಗೆ ಪತ್ರಗಳು ಮುಗಿದವು. ಫೆಬ್ರವರಿ ಮೊದಲ ವಾರ ತಾಯಿ ಹೋದಳು. ಕಾವಲುಗಾರ ಹೇಳಿದ ಮಾತಿಗೆ ತಪ್ಪದೆ ಆಳಕ್ಕೆ ತೋಡಿದ್ದ.

ಮಗಳು ಕಾಗದಗಳನ್ನು ಮಡಿಸಿ ಕೈಚೀಲಕ್ಕೆ ಹಾಕಿದಳು. ಆ ಏಳು ಜನರಲ್ಲಿ ಇಬ್ಬರು ದಿನಕ್ಕೊಂದು ಮಾತ್ರೆ ನುಂಗುವವರೇ. ಗೋಡೆಯ ಬದಿಯ ಸಾಲಿನಲ್ಲಿ ಮಲಗಿದವರು ಯಾರೆಂದು ಆ ಸಂಜೆಯ ತನಕ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರಲ್ಲೊಬ್ಬ, ಅಡುಗೆ ಕೆಲಸದವನು, ಕೇಳಿದ:

‘ಉಳಿಯಣ್ಣ, ಆ ಹತ್ತೊಂಬತ್ತು ತೆಗೆಯೋಕೆ ಎಷ್ಟು ದಿನ ಹಿಡಿಯುತ್ತೆ?’

‘ಒಬ್ಬನಾದರೆ ಒಂದು ವಾರ.’

‘ನಾವು ಏಳು ಜನ ಇದ್ದೀವಿ.’

‘ಎಣಿಸೋಕೆ ಬರುತ್ತೆ ನನಗೂ’ ಎಂದು ಕಲ್ಲು ಕೆತ್ತುವವನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಮಾರನೆಯ ಬೆಳಿಗ್ಗೆ ಅವರು ಅವನನ್ನು ಕೇಳದೆಯೇ ಕೈಗಾಡಿ ತಂದರು. ಸ್ಮಶಾನದಿಂದ ಕಲ್ಲನ್ನು ಎತ್ತಿ ತಂದು, ಅಂಗಳದಲ್ಲಿ ಅಂಗಾತ ಮಲಗಿಸಿ, ಮರಳು ಹಾಕಿ, ನೀರು ಹೊಯ್ದು, ಸಾಣೆಕಲ್ಲು ಹಿಡಿದು ಸುತ್ತಲೂ ಕೂತರು. ಮಗಳೂ ಸೆರಗು ಸಿಕ್ಕಿಸಿಕೊಂಡು ಒಂದು ಮೂಲೆ ಹಿಡಿದಳು. ಕಲ್ಲು ಕೆತ್ತುವವನು ಬಾಗಿಲಲ್ಲಿ ನಿಂತು ನೋಡಿದ. ಅವರೆಲ್ಲ ಅಂಕಿಯ ಮೇಲೆಯೇ ಬಿದ್ದು ಉಜ್ಜುತ್ತಿದ್ದರು.

‘ಒಂದೇ ಕಡೆ ಉಜ್ಜಿದರೆ ಹೊಂಡ ಬೀಳುತ್ತೆ. ಹೆಸರಿನ ಕಡೆಯಿಂದಲೂ ಬನ್ನಿ. ಸಮನಾಗಿ’ ಎಂದ.

ಎಂದವನು ಒಳಗೆ ಹೋಗಿ, ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಹೊರಗೆ ಬಂದ. ಎಲ್ಲಿಗೆ ಎಂದು ಮಗಳು ಕೇಳಿದಳು. ಅವನು ತನ್ನ ಬಲಗೆನ್ನೆಯನ್ನು ಬೆರಳಿನಿಂದ ಒಂದು ಸಲ ತಟ್ಟಿ ತೋರಿಸಿ, ಕಲ್ಲನ್ನು ಬಳಸಿಕೊಂಡು ಬೀದಿಗೆ ಇಳಿದ. ಹಲ್ಲಿನ ಡಾಕ್ಟರ ಮನೆ ಮುಂದಿನ ತಿರುವಿನಲ್ಲೇ ಇತ್ತು; ಇಷ್ಟು ವರ್ಷ ಅವನು ಅದರ ಎದುರಿಗೇ ಹಾದು ಹೋಗುತ್ತಿದ್ದ. ಅಂಗಳದಲ್ಲಿ ಅವರು ಇನ್ನೊಮ್ಮೆ ನೀರು ಹೊಯ್ದು, ಹೆಸರಿನ ಕಡೆಯಿಂದ ಶುರುಮಾಡಿದರು.